ಒಂದೇ ಪಾನಾದ ಟ್ರಾಲಿ

ಮೂರನೆಯ ಸಲವೂ ನನ್ನನ್ನು ಇಳಿಜಾರಿನ ತುದಿಯಿಂದ ಕೆಳಕ್ಕೆ ತಳ್ಳಿದರು. ಒಳಗೆ ನಾಲ್ಕು ಮೂಟೆ ಸಿಮೆಂಟು ಇತ್ತು. ಎಡಮೂಲೆ ಹೋಗಿ ಗೋಡೆಗೆ ಅಪ್ಪಳಿಸಿತು. ಮುಂದಿನ ಗಾಲಿಯೊಂದು ಕಿತ್ತುಕೊಂಡು ಅಂಗಳದ ತುಂಬ ಉರುಳಾಡಿ, ಮಲಗಿದ್ದ ನಾಯಿಯನ್ನು ಎಬ್ಬಿಸಿ, ಚರಂಡಿಯ ಅಂಚಿಗೆ ಹೋಗಿ ನಿಂತಿತು. ಮೇಲೆ ನಿಂತಿದ್ದವನು ಚಪ್ಪಾಳೆ ತಟ್ಟಿದ.

"ಮುರೀತಲ್ಲ, ಈಗ ಚೊಲೋ ಆತು," ಎಂದ.

ನಾನು ಹುಟ್ಟಿದ್ದು ಹೀಗೆ. ಮಕ್ಕಳು ಹುಟ್ಟಿದರೆ ಮನುಷ್ಯರು ಬಟ್ಟೆಯಲ್ಲಿ ಸುತ್ತಿ ತೊಟ್ಟಿಲಿಗೆ ಹಾಕುತ್ತಾರಂತೆ. ಅದಕ್ಕೇ ಅವರು ಹಾಗಿದ್ದಾರೆ.

ನಾನು ಒಂದು ಟ್ರಾಲಿ. ಆಳೆತ್ತರದ ಕಬ್ಬಿಣದ ಪಂಜರ, ಕೆಳಗೆ ನಾಲ್ಕು ಗಾಲಿ. ಪೆಟ್ಟಿಗೆ, ಗಂಟು, ಚೀಲಗಳನ್ನು ನನ್ನೊಳಗೆ ತುಂಬಿ ಲಾರಿಯಿಂದ ಗೋದಾಮಿಗೆ, ಗೋದಾಮಿನಿಂದ ಲಾರಿಗೆ ತಳ್ಳುತ್ತಾರೆ. ಚಪ್ಪಾಳೆ ತಟ್ಟಿದವನು ಜಿನ್ನಪ್ಪ ಚೌಗಲೆ. ಬೆಳಗಾವಿಯ ಉದ್ಯಮಬಾಗದಲ್ಲಿ ಅವನದೊಂದು ತಗಡಿನ ಶೆಡ್ಡು. ನನ್ನ ತಳ, ಮೂರು ಬದಿ, ಮುಂದಿನ ಬಾಗಿಲು, ನಾಲ್ಕು ಗಾಲಿ ಇವೆಲ್ಲವನ್ನೂ ಅವನು ಬೇರೆಬೇರೆಯಾಗಿ ಮಾಡಿ, ಒಂದೇ ಅಳತೆಯ ಬೋಲ್ಟುಗಳಿಂದ ಜೋಡಿಸಿದ್ದ. ಬಿಚ್ಚುವುದಕ್ಕೆ ಒಂದೇ ಒಂದು ಪಾನಾ, ಅಂದರೆ ಸ್ಪ್ಯಾನರು, ಸಾಕು, ಹದಿಮೂರು ನಂಬರಿನದು. ಯಾವ ಬದಿಯನ್ನು ಬೇಕಾದರೂ ಯಾವ ಬದಿಗೆ ಕೂಡಿಸಬಹುದು. ನನ್ನ ಗಾಲಿ ನನ್ನ ಪಕ್ಕದವನಿಗೆ ಆಗುತ್ತದೆ, ಅವನ ಬಾಗಿಲು ನನಗಾಗುತ್ತದೆ.

ಅವನ ವೆಲ್ಡರನಿಗೆ ಇದು ಸೇರಿರಲಿಲ್ಲ. "ಅಣ್ಣಾ, ಈ ಮೂಲಿಗೆ ಒಂದು ವೆಲ್ಡಿಂಗ್ ಹೊಡದ್ರ ಜನ್ಮದಾಗ ಮುರಿಯಂಗಿಲ್ಲ ನೋಡು," ಎಂದಿದ್ದ.

"ಮುರಿಯಂಗಿಲ್ಲ ಅನ್ನೂ ಸಾಮಾನು ಯಾವುದೂ ಇಲ್ಲೋ," ಎಂದ ಜಿನ್ನಪ್ಪ. "ಎಲ್ಲಿ ಮುರೀಬೇಕು ಅನ್ನೂದನ್ನ ನಾವ ಮೊದಲ ಹೇಳಿ ಇಡಬೇಕು. ಇಲ್ಲಾಂದ್ರ ಅದು ತನಗ ಬೇಕಾದಲ್ಲಿ ಮುರೀತೈತಿ."

ಅವನು ಮಾತಾಡುತ್ತಿದ್ದಾಗ ನಾನು ಅವನ ಮೊಣಕಾಲುಗಳನ್ನು ನೋಡುತ್ತಿದ್ದೆ. ಮೈ ಆಳೆತ್ತರವಿದ್ದರೂ ನನ್ನ ಕಣ್ಣು ಇರುವುದು ಕೆಳಗೆ, ತಳದ ಹತ್ತಿರ; ಅಳತೆಗೆ ಸಿಗುವುದೇ ಅಷ್ಟು. ಆಮೇಲೆ ನೂರಾರು ಮೊಣಕಾಲು ನೋಡಿದೆ. ಎಂಥ ಕಳಪೆ ಕೆಲಸ. ಒಂದು ಕೀಲು ಸವೆದರೆ ಇಡೀ ಮನುಷ್ಯ ಮೂಲೆ ಸೇರುತ್ತಾನೆ. ಪಕ್ಕದವನ ಕಾಲು ಇವನಿಗೆ ಆಗುವುದಿಲ್ಲ. ಒಳಗೆ ಏನಾಗಿದೆ ಎಂದು ನೋಡಬೇಕಾದರೆ ಕೊಯ್ಯಬೇಕು. ಇಂಥದ್ದೊಂದನ್ನು ಮಾಡಿದವರು ಯಾರೇ ಇರಲಿ, ಅವರು ಅದನ್ನು ಒಂದು ಸಲವೂ ಇಳಿಜಾರಿನಿಂದ ತಳ್ಳಿ ನೋಡಿಲ್ಲ.

ಪ್ರತಿ ಟ್ರಾಲಿಯ ತಳಕ್ಕೂ ಜಿನ್ನಪ್ಪ ಒಂದು ದಪ್ಪ ಬಟ್ಟೆಯ ಚೀಲ ಕಟ್ಟಿ ಕಳಿಸಿದ. ಅದರಲ್ಲಿ ಒಂದು ಗಾಲಿ, ಆರು ಬೋಲ್ಟು, ಒಂದು ಪಾನಾ. ನಾವು ನಲವತ್ತು ಜನ ಮೊದಲು ಹೋಗಿದ್ದು ಖಾನಾಪುರ ರಸ್ತೆಯ ಒಂದು ಬ್ರೆಡ್ಡಿನ ಕಾರ್ಖಾನೆಗೆ. ಮಾಲೀಕ ನಮ್ಮನ್ನು ಇಳಿಸಿಕೊಂಡವನೇ ಮೊದಲು ಮಾಡಿದ ಕೆಲಸವೆಂದರೆ ಆ ನಲವತ್ತು ಚೀಲಗಳನ್ನು ಬಿಚ್ಚಿಸಿ ಒಂದು ಕಪಾಟಿನಲ್ಲಿ ಇಡಿಸಿ ಬೀಗ ಹಾಕಿದ್ದು. "ಭದ್ರ ಇರ್ಲಿ," ಎಂದ.

ಈ ಮಾತಿನ ಮೇಲೆ ನನಗೆ ಹೇಸಿಕೆ ಬಂದದ್ದು ಅಂದಿನಿಂದ. ಈ ಜನ ಹೊಸ ಕುರ್ಚಿಯ ಪ್ಲಾಸ್ಟಿಕ್ ಹೊದಿಕೆಯನ್ನು ಅದು ತಾನಾಗಿ ಹರಿದು ಬೀಳುವವರೆಗೆ ತೆಗೆಯುವುದಿಲ್ಲ. ಟಿವಿಯ ರಿಮೋಟಿಗೆ ಅಂಗಿ ಹೊಲಿಸುತ್ತಾರೆ. ಆರು ತಿಂಗಳಿಗೆ ನನ್ನ ಬಲಗಾಲಿ ಹೋಯಿತು. ಮಾಲೀಕ ಅದನ್ನು ತಂತಿಯಿಂದ ಬಿಗಿದ. ತಂತಿ ಸಡಿಲಾದಾಗ ಗೋಣಿಹುರಿ ಸುತ್ತಿದ. ಕಪಾಟಿನಲ್ಲಿ ನಲವತ್ತು ಗಾಲಿಗಳಿದ್ದವು. ಅವು ಭದ್ರವಾಗಿದ್ದವು. ನಾನು ಮೂರು ವರ್ಷ ಮೂರು ಕಾಲಿನಲ್ಲಿ ಬ್ರೆಡ್ಡು ಹೊತ್ತೆ.

ಕಾರ್ಖಾನೆ ಮುಚ್ಚಿದಾಗ ಚೀಲಗಳ ಸಮೇತ ನಮ್ಮನ್ನು ಹುಬ್ಬಳ್ಳಿಯ ಒಂದು ಪಾರ್ಸೆಲ್ ಕಂಪನಿ ಕೊಂಡುಕೊಂಡಿತು. ಕಾರವಾರ ರಸ್ತೆಯಲ್ಲಿ ಅವರ ದೊಡ್ಡ ಶೆಡ್ಡು. ನಮ್ಮ ಮೇಲೆ ನಂಬರು ಬರೆದರು. ನನಗೆ ಬಂದದ್ದು ಹದಿನೇಳು. ಮನುಷ್ಯರು ಒಬ್ಬರಿಗೊಬ್ಬರು ಏನೇನು ಕಳಿಸಿಕೊಳ್ಳುತ್ತಾರೆ ಎಂಬುದು ನನಗೆ ತಿಳಿದದ್ದು ಅಲ್ಲಿ. ಹುಬ್ಬಳ್ಳಿಯಿಂದ ಪುಣೆಗೆ ಒಂದು ಮಿಕ್ಸರು ಹೋಗುತ್ತದೆ, ಹದಿನೈದು ದಿನಕ್ಕೆ ಅದೇ ಮಿಕ್ಸರು ಬೈಗುಳ ಬರೆದ ಚೀಟಿಯೊಂದಿಗೆ ವಾಪಸು ಬರುತ್ತದೆ. "ಜೋಪಾನ, ಗಾಜು" ಎಂದು ಬರೆದ ಪೆಟ್ಟಿಗೆಯನ್ನು ಎಲ್ಲಕ್ಕಿಂತ ಕೆಳಗೆ ಇಡುತ್ತಾರೆ, ಯಾಕೆಂದರೆ ಅದು ಚೌಕಾಗಿ ಕೂರುತ್ತದೆ.

ಶೆಡ್ಡಿನ ಮ್ಯಾನೇಜರು ಚನವೀರಪ್ಪ ಅಂಗಡಿ. ಒಳ್ಳೆಯ ಮನುಷ್ಯ. ಹಮಾಲರ ಮಕ್ಕಳ ಹೆಸರೆಲ್ಲ ಅವನಿಗೆ ಗೊತ್ತು, ಯಾರಿಗೆ ಜ್ವರ ಬಂದರೂ ತನ್ನ ಬೈಕಿನಲ್ಲಿ ಕರೆದೊಯ್ಯುತ್ತಾನೆ. ಒಳ್ಳೆಯತನ ಎಷ್ಟು ಅಪಾಯದ್ದು ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಅವನೂ ಚೀಲಗಳನ್ನು ಕಪಾಟಿನಲ್ಲಿಟ್ಟ. ಎರಡು ವರ್ಷಕ್ಕೆ ಹನ್ನೊಂದು ಟ್ರಾಲಿಗಳು ಹಿಂದಿನ ಗೋಡೆಗೆ ಒರಗಿ ನಿಂತವು. ಒಂದಕ್ಕೆ ಗಾಲಿ ಇಲ್ಲ, ಇನ್ನೊಂದಕ್ಕೆ ಬಾಗಿಲು ಇಲ್ಲ, ಉಳಿದಂತೆ ಎಲ್ಲವೂ ಸರಿ.

ಈ ಹನ್ನೊಂದನ್ನೂ ಪ್ರತಿದಿನ ಎಳೆದು, ಕಸ ಹೊಡೆದು, ಮತ್ತೆ ತಳ್ಳಬೇಕಾಗಿದ್ದವಳು ದಾವಲಬಿ ನದಾಫ. ಹಳೇಹುಬ್ಬಳ್ಳಿಯವಳು, ಶೆಡ್ಡಿನ ಕಸ ಗುಡಿಸುವವಳು. ಗಂಡ ತೀರಿಕೊಂಡಿದ್ದ. ಆಗಲೇ ಅವಳ ಎಡ ಮೊಣಕಾಲು ಸದ್ದು ಮಾಡುತ್ತಿತ್ತು. ಅದೇ ಮಟ್ಟದಲ್ಲಿ ನನ್ನ ಕಿವಿ ಇರುವುದರಿಂದ ನನಗೆ ಕೇಳಿಸುತ್ತಿತ್ತು. ದಸರೆಗೆ ಮುಂಚೆ ಕಪಾಟು ಒರೆಸುವಾಗ ಅವಳಿಗೆ ಚೀಲಗಳು ಸಿಕ್ಕವು.

"ಸಾಹೇಬ್ರ, ಇದರಾಗ ಗಾಲಿ ಅದಾವು."

"ಇರ್ಲಿ ಬಿಡ. ಸ್ಪೇರ್ ಅವು. ಬೇಕಾದಾಗ ಬೇಕಾಗ್ತಾವು," ಎಂದ ಅಂಗಡಿ.

"ಈಗ ಬೇಕಾಗ್ಯಾವಲ್ರೀ. ಹನ್ನೊಂದು ಗಾಡಿ ಕುಂಟಾಕತ್ತಾವು."

"ಅದಕ್ಕ ಫಿಟರ್ ಬೇಕು ದಾವಲಬಿ. ನಮ್ಮಲ್ಲಿ ಫಿಟರ್ ಪೋಸ್ಟ್ ಇಲ್ಲ."

"ಇಲ್ಲದಾವ ಬರೂಮಟ ನಾ ನೋಡ್ಲೇನ್ರೀ?"

ಅಂಗಡಿ ನಕ್ಕು ಕೀಲಿ ಕೊಟ್ಟ.

ಆ ಹನ್ನೊಂದರಲ್ಲಿ ಅವಳು ಮೊದಲು ಬಿಚ್ಚಿದ್ದು ನನ್ನನ್ನು, ಸಾಲಿನಲ್ಲಿ ಬಾಗಿಲಿಗೆ ಹತ್ತಿರ ನಿಂತಿದ್ದೆನೆಂಬ ಕಾರಣಕ್ಕೆ. ಗೋಣಿಹುರಿ ಕತ್ತರಿಸಿ, ತಂತಿ ಬಿಚ್ಚಿ, ಹೊಸ ಗಾಲಿ ಕೂಡಿಸಿದಳು. ಕೆಲಸ ಕೈಗೆ ಹತ್ತಿತೆಂದು ಬಗ್ಗಿದ್ದ ಬದಿಯನ್ನೂ ತೆಗೆದಳು. ಬೇರೊಂದು ಟ್ರಾಲಿಯ ಬದಿಯನ್ನು ತಂದು ಕೂಡಿಸಿದವಳು ಅದನ್ನು ತಲೆಕೆಳಗಾಗಿ ಕೂಡಿಸಿದಳು. ಅದು ಹಾಗೆಯೂ ಸರಿಯಾಗಿ ಕೂತಿತು. ಎದ್ದು ನಿಂತು ನೋಡಿದ ಮೇಲೆ ಅವಳಿಗೆ ತಪ್ಪು ಗೊತ್ತಾಗಿದ್ದು. ಒಬ್ಬಳೇ ನಕ್ಕಳು.

"ಇದನ್ನ ಮಾಡಿದಾವ ಶಾಣ್ಯಾ ಅದಾನ. ನನ್ನಂತಾಕಿ ಬರ್ತಾಳಂತ ಮೊದಲ ಗೊತ್ತಿತ್ತು ಅವಗ," ಎಂದಳು.

ಆಮೇಲೆ ಕೊನೆಯ ನಟ್ಟನ್ನು ಹೆಬ್ಬೆರಳಿನಿಂದ ಒತ್ತಿ ತಿರುಗಿಸಿ ನೋಡಿದಳು. ತಿರುಗಲಿಲ್ಲ. ಪಾನಾ ಹಾಕಿ ಒಂದು ಎಳೆಯಷ್ಟು ಸಡಿಲಿಸಿ, ಮತ್ತೆ ಬಿಗಿದಳು. "ಬಿಗೀನೂ ಐತಿ, ಬಿಚ್ಚಾಕೂ ಬರ್ತೈತಿ." ಇದು ಅವಳ ರೂಢಿಯೇ ಆಯಿತು. ಒಂಬತ್ತು ವರ್ಷ, ಪ್ರತಿ ಸಲವೂ ಆ ಹೆಬ್ಬೆರಳು, ಆ ಮಾತು.

ಒಂಬತ್ತು ವರ್ಷ ಒಂದು ಟ್ರಾಲಿಯೂ ಗೋಡೆಗೆ ಒರಗಲಿಲ್ಲ. ಗಾಲಿಗಳು ಮುಗಿದಾಗ ಪೂರ್ತಿ ಕೆಟ್ಟ ಎರಡರಿಂದ ಒಂದನ್ನು ಮಾಡಿದಳು. ನನ್ನ ಎಡಬದಿ ಮೂವತ್ತೆರಡನೆಯದ್ದು, ಬಾಗಿಲು ಐದನೆಯದ್ದು, ಗಾಲಿಗಳು ಯಾರ್ಯಾರದೋ. ಎಲ್ಲ ಬದಲಾದ ಮೇಲೆ ನಾನು ನಾನೇನಾ ಎಂದು ಕೇಳುವವರಿದ್ದಾರೆ. ಅದು ಕೆಲಸವಿಲ್ಲದವರ ಪ್ರಶ್ನೆ. ತುಂಬಿದರೆ ಹೊರುತ್ತೇನೆ, ತಳ್ಳಿದರೆ ಹೋಗುತ್ತೇನೆ, ಬೆಳಿಗ್ಗೆ ಹದಿನೇಳು ಎಂದು ಕರೆಯುತ್ತಾರೆ. ನಾನಾಗಲು ಇನ್ನೇನು ಬೇಕು.

ಹಮಾಲರು ಅವಳಿಗೆ ಡಾಕ್ಟರಬಾಯಿ ಎನ್ನುತ್ತಿದ್ದರು. ಅವರಲ್ಲಿ ಯಮನೂರಪ್ಪ ಎಂಬ ದಪ್ಪ ಹೊಟ್ಟೆಯವನು ಒಂದು ದಿನ, "ಡಾಕ್ಟರಬಾಯೀ, ನನ್ನ ಸೊಂಟಕ್ಕೂ ಒಂದು ಬೋಲ್ಟ್ ಹಾಕ್ರಿ," ಎಂದ.

"ನಿನ್ನ ನಟ್ಟ ಎಲ್ಲಿ ಸಿಗಬೇಕೋ ಯಮನೂರಾ. ಗಿರಮಿಟ್ ತಿಂದು ತಿಂದು ಒಳಗ ಹೋಗಿ ಕುಂತೈತಿ."

ಅವಳಿಗೆ ಬೇಕಾಗಿದ್ದು ಒಂದೇ. ಕೊರಳಲ್ಲಿ ತೂಗುವ ಕಂಪನಿಯ ಪಾಸಿನಲ್ಲಿ ಅವಳ ಹೆಸರಿನ ಕೆಳಗೆ "ಸ್ವಚ್ಛತೆ" ಎಂದಿತ್ತು. ಅಲ್ಲಿ "ಫಿಟರ್" ಎಂದು ಬರೆಯಬೇಕು. ಪ್ರತಿ ವರ್ಷ ಕೇಳುತ್ತಿದ್ದಳು. ಪ್ರತಿ ವರ್ಷ ಅಂಗಡಿ, "ಹೆಡ್ ಆಫೀಸಿಗೆ ಬರದೇನಿ," ಎನ್ನುತ್ತಿದ್ದ. ಬರೆಯುತ್ತಲೂ ಇದ್ದ. ನನಗೆ ಇದು ಹಾಸ್ಯಾಸ್ಪದವೆನಿಸುತ್ತಿತ್ತು. ನನ್ನ ಮೇಲೆ ಹದಿನೇಳು ಎಂದಿದೆ, ಹದಿನೆಂಟು ಎಂದು ಬರೆದರೆ ನಾನೇನು ಹೆಚ್ಚು ಹೊರುತ್ತೇನೆಯೇ? ಆದರೆ ಅವಳು ಆ ಪಾಸನ್ನು ಯಾವಾಗಲೂ ಅಕ್ಷರ ಒಳಮುಖ ಮಾಡಿ ಹಾಕಿಕೊಳ್ಳುತ್ತಿದ್ದಳು.

ಹತ್ತನೆಯ ವರ್ಷ ಹೆಡ್ ಆಫೀಸಿನಿಂದ ಒಂದು ನೀಲಿ ಡಬ್ಬ ಬಂತು. ಪ್ಲಾಸ್ಟಿಕ್ಕಿನದು, ಅಖಂಡ. ಗಾಲಿಗಳನ್ನೂ ಅದರ ಮೈಗೇ ಒತ್ತಿ ಕೂರಿಸಿದ್ದರು. ಮೈಮೇಲೆ ಒಂದು ನಟ್ಟಿಲ್ಲ. ನಾನು ಅದರ ಪಕ್ಕ ಒಂದು ವಾರ ನಿಂತಿದ್ದೆ. ಅದಕ್ಕೆ ಹೇಳಿಕೊಳ್ಳಲು ಒಂದು ಮಾತೂ ಇರಲಿಲ್ಲ, ಏನೂ ಆಗದವರಿಗೆ ಕಥೆ ಎಲ್ಲಿಂದ ಬರಬೇಕು. ಜೊತೆಗೆ ಒಂದು ಪತ್ರ ಬಂದಿತ್ತು. ಇನ್ನು ಮುಂದೆ ಎಲ್ಲ ಇಂಥವೇ, ರಿಪೇರಿಯ ಮೂಲೆ ಮುಚ್ಚುವುದು, ಕಸ ಗುಡಿಸುವ ಕೆಲಸ ಗುತ್ತಿಗೆದಾರನಿಗೆ, ಅವನು ತನ್ನ ಜನರನ್ನೇ ತರುತ್ತಾನೆ.

ಅಂಗಡಿ ಫೋನು ಹಿಡಿದು ಜಗಳಾಡಿದ. ಇದನ್ನು ಹೇಳದಿದ್ದರೆ ಅವನಿಗೆ ಅನ್ಯಾಯವಾಗುತ್ತದೆ. ಕೊನೆಗೆ ಬೆಂಗಳೂರಿನ ಹೆಡ್ ಆಫೀಸಿನ ನಿರುಪಮಾ ಮೇಡಂ ಒಪ್ಪಿದಳು. ಫೋನಿನ ಸ್ಪೀಕರಿನಲ್ಲಿ ಅವಳ ಮಾತು ಇಡೀ ಶೆಡ್ಡಿಗೆ ಕೇಳಿಸಿತು: "ದಸರಾ ಹಬ್ಬ ಮುಗಿದ ಮಾರನೇ ದಿನ ನಾನೇ ಬರ್ತೀನಿ. ಒಂದು ಗಾಲಿ, ಒಂದು ಸೈಡು, ಐದು ನಿಮಿಷದಲ್ಲಿ ಬದಲಾಯಿಸಿ ತೋರಿಸಲಿ. ತೋರಿಸಿದ್ರೆ ಡಬ್ಬದ ಆರ್ಡರ್ ನಿಲ್ಲಿಸ್ತೀನಿ. ಆಯಮ್ಮಂಗೆ ಫಿಟರ್ ಪೋಸ್ಟೂ ಮಾಡಿಸ್ತೀನಿ."

ದಾವಲಬಿ ನನ್ನ ಮೇಲೆ ಅಭ್ಯಾಸ ಮಾಡಿದಳು. ಮೊದಲ ಸಲ ಏಳು ನಿಮಿಷ, ಆಮೇಲೆ ಐದು, ಆಮೇಲೆ ನಾಲ್ಕು. ಯಮನೂರಪ್ಪ ಮೊಬೈಲು ಹಿಡಿದು ಎಣಿಸುತ್ತಿದ್ದ. ಗದಗದಲ್ಲಿ ಅವಳ ತಂಗಿಯ ಮಗಳ ಮದುವೆಯಿತ್ತು, ಹಬ್ಬದ ದಿನಗಳಲ್ಲೇ. ಹೊರಡುವ ಮುಂಚೆ ನನ್ನ ಪ್ರತಿಯೊಂದು ನಟ್ಟಿಗೂ ಗ್ರೀಸು ಹಚ್ಚಿದಳು.

"ನಾ ಬರೂಮಟ ಹದಿನೇಳನೇದ್ದನ್ನ ಯಾರೂ ಮುಟ್ಟಬಾರದ್ರೀ ಸಾಹೇಬ್ರ."

"ನಾನ ಖುದ್ದ ನೋಡ್ಕೋತೀನಿ. ನೀ ನಿಶ್ಚಿಂತಿ ಹೋಗಿ ಬಾ," ಎಂದ ಅಂಗಡಿ.

ಅವನು ಖುದ್ದಾಗಿ ನೋಡಿಕೊಂಡ.

ಖಂಡೇಪೂಜೆ, ಅಂದರೆ ದಸರೆಯ ಆಯುಧಪೂಜೆ, ಪ್ರತಿ ವರ್ಷವೂ ನಮ್ಮ ಪಾಲಿಗೆ ಒಂದು ದುರಂತ. ವರ್ಷವೆಲ್ಲ ಒದ್ದು ತಳ್ಳಿದ ಕಾಲುಗಳನ್ನು ತೊಳೆದುಕೊಂಡು ಬಂದು ನಮಗೆ ಕೈಮುಗಿಯುತ್ತಾರೆ. ನಟ್ಟಿನ ಸಂದಿಗೆ ಅರಿಶಿನ ಕುಂಕುಮ ಮೆತ್ತುತ್ತಾರೆ. ಗಾಲಿಯ ಕೆಳಗೆ ಲಿಂಬೆಹಣ್ಣಿಟ್ಟು ತಳ್ಳುತ್ತಾರೆ, ಆ ಹುಳಿ ಬೇರಿಂಗಿಗೆ ಇಳಿಯುತ್ತದೆ. ಆಮೇಲೆ ಒಂದು ವಾರ ದಾವಲಬಿ ಸೇಫ್ಟಿ ಪಿನ್ನು ಹಿಡಿದು ನಮ್ಮ ಮೈಯಿಂದ ಭಕ್ತಿಯನ್ನು ಕೆರೆದು ತೆಗೆಯಬೇಕಾಗುತ್ತಿತ್ತು.

ಈ ವರ್ಷ ಮೇಡಂ ಬರುವವಳಿದ್ದಳು, ಪೂಜೆ ಜೋರಾಗಬೇಕಿತ್ತು. ಹಿಂದಿನ ದಿನ ಮಧ್ಯಾಹ್ನ ಅಂಗಡಿ ನನ್ನನ್ನು ತಾನೇ ತಳ್ಳಿ ನೋಡಿದ. ನಾನು ಗಡಗಡ ಎಂದೆ. ಬೋಲ್ಟಿನಿಂದ ಕೂಡಿದ ಮೈ ಎಂದ ಮೇಲೆ ಅಷ್ಟು ಮಾತಾಡಿಯೇ ಆಡುತ್ತದೆ.

"ಮೇಡಂ ಮುಂದ ಹಿಂಗ ಗಡಗಡ ಅಂದ್ರ ಏನ್ ಛಂದ. ಒಂದು ನಟ್ಟ ಕಳಚಿ ಬಿದ್ರ ಮುಗೀತು, ಪಾಪ ದಾವಲಬಿ ಮರ್ಯಾದಿ ಹೋಗ್ತೈತಿ," ಎಂದ. ಎದುರಿಗೆ ಗ್ರಿಲ್ ಮಾಡುವಲ್ಲಿಂದ ವೆಲ್ಡರನನ್ನು ಕರೆಸಿದ. "ಎಲ್ಲಾ ನಟ್ಟಿಗೂ ಒಂದೊಂದು ವೆಲ್ಡಿಂಗ್ ಚುಕ್ಕಿ ಇಡು. ಭದ್ರ ಇರ್ಲಿ."

ಒಂಬತ್ತು ವರ್ಷ ಅವಳು ಬಿಚ್ಚುವುದನ್ನು, ಕೂಡಿಸುವುದನ್ನು ದಿನವೂ ನೋಡಿದ್ದ ಮನುಷ್ಯ ಇವನು. ನಟ್ಟು ಬಿಗಿಯಾಗಿರಬೇಕು ಎಂಬಷ್ಟು ಮಾತ್ರ ಇವನ ತಲೆಗೆ ಇಳಿದಿತ್ತು. ನನ್ನೊಬ್ಬನಿಗೇ ಮಾಡಿಸಿ ಬಿಟ್ಟಿದ್ದರೂ ಸರಿ ಇತ್ತು. ಭೇದ ಮಾಡಬಾರದೆಂದು ಶೆಡ್ಡಿನಲ್ಲಿದ್ದ ಎಲ್ಲ ಟ್ರಾಲಿಗಳಿಗೂ ಮಾಡಿಸಿದ. ಗ್ರೀಸನ್ನು ಸೀಮೆಎಣ್ಣೆಯಿಂದ ಒರೆಸಿ, ಚುಕ್ಕಿ ಇಟ್ಟು, ಮೇಲೆ ಎರಡು ಪದರ ಹಸಿರು ಬಣ್ಣ ಬಳಿದರು. ಚುಕ್ಕಿ ಬಣ್ಣದ ಕೆಳಗೆ ಮುಚ್ಚಿಹೋಯಿತು.

ಈಗ ನನ್ನ ತಪ್ಪನ್ನೂ ಹೇಳಬೇಕು. ಇಲ್ಲಿಯವರೆಗೆ ಬೇರೆಯವರನ್ನೇ ಬೈದುಕೊಂಡು ಬಂದಿದ್ದೇನೆ. ಬಣ್ಣ ಒಣಗಿದ ಮೇಲೆ ನನ್ನನ್ನು ತಳ್ಳಿದರು. ನಾನು ಗಡಗಡ ಎನ್ನಲಿಲ್ಲ. ಸದ್ದೇ ಇಲ್ಲದೆ, ನೀರಿನ ಮೇಲೆ ಹೋದ ಹಾಗೆ ಹೋದೆ. ಹಮಾಲರು ತಿರುಗಿ ನೋಡಿದರು. ಯಮನೂರಪ್ಪ, "ಹೊಸಾದ ಬಂದಂಗ ಆತಲೇ," ಎಂದ. ಕೊರಳಿಗೆ ಚೆಂಡುಹೂವಿನ ಮಾಲೆ ಬಿತ್ತು. ನನಗೆ ಸಂತೋಷವಾಯಿತು. ಒಂಬತ್ತು ತುಂಡುಗಳ ಗಂಟು ಎಂಬುದನ್ನು ಮರೆತು, ಒಂದೇ ಆಗಿದ್ದೇನೆ ಅನಿಸಿತು. ಜನ್ಮವಿಡೀ ಯಾರನ್ನು ಹೀಯಾಳಿಸಿದ್ದೆನೋ ಅವರಂತೆಯೇ ಆಗಿ, ಮೂರು ದಿನ ಮೆರೆದೆ.

ಮೇಡಂ ಬಂದಳು. ಅಂಗಡಿ ಅವಳ ಕೈಗೆ ಬನ್ನಿ ಎಲೆ ಕೊಟ್ಟು, "ಬಂಗಾರದಂಗ ಇರೋಣ್ರೀ ಮೇಡಂ," ಎಂದ. ಅವಳು ಎಲೆಯನ್ನು ಎಲ್ಲಿಡುವುದೆಂದು ತಿಳಿಯದೆ ಮೊಬೈಲಿನ ಕವರಿನಲ್ಲಿ ಸಿಕ್ಕಿಸಿಕೊಂಡಳು. ದಾವಲಬಿ ಗದಗದಿಂದ ನೇರವಾಗಿ ಬಂದಿದ್ದಳು, ಕೈಯಲ್ಲಿ ಇನ್ನೂ ಮದುವೆಯ ಮೆಹಂದಿ. ಹಸಿರು ಬಣ್ಣ ನೋಡಿ ಅವಳ ಮುಖ ಗಂಟಾಯಿತು, ಆದರೆ ಬಣ್ಣ ಪ್ರತಿ ವರ್ಷದ್ದೇ. ಪಾನಾಕ್ಕೆ ಎರಡು ಪೆಟ್ಟು ಕೊಟ್ಟರೆ ಬಿಡುತ್ತದೆ. ಕಟಕ್ ಎಂದ ಮೊಣಕಾಲನ್ನು ಮಡಿಸಿ ನೆಲಕ್ಕೆ ಕೂತಳು.

"ಶುರು ಮಾಡ್ಲೇನ್ರೀ?"

"ಮಾಡಿ," ಎಂದಳು ಮೇಡಂ.

ಮೊದಲ ನಟ್ಟು ತಿರುಗಲಿಲ್ಲ. ಪಾನಾದ ತುದಿಗೆ ಅಂಗೈಯಿಂದ ಹೊಡೆದಳು. ತಿರುಗಲಿಲ್ಲ. ಎರಡನೆಯದಕ್ಕೆ ಹೋದಳು, ಮೂರನೆಯದಕ್ಕೆ. ಅವಳು ಪಾನಾ ಕೆಳಗಿಟ್ಟು ಉಗುರಿನಿಂದ ಬಣ್ಣ ಕೆರೆದಳು. ಹಸಿರಿನ ಕೆಳಗೆ ಕಡಲೆಕಾಳಿನಷ್ಟು ಬೆಳ್ಳನೆಯ ಗಂಟು ಕಾಣಿಸಿತು.

"ಯಾರು ಹಾಕಿದ್ರೀ ಈ ವೆಲ್ಡಿಂಗ್?"

"ನಾನ ಹಾಕಿಸಿದ್ನಿ," ಎಂದ ಅಂಗಡಿ. ಅವನಿಗೆ ಇನ್ನೂ ತಿಳಿದಿರಲಿಲ್ಲ. "ಒಂದೂ ಅಳ್ಳಾಡಬಾರದು ಅಂತ."

"ಬ್ಯಾರೆ ಗಾಡಿ ತರ್ರಿ."

"ಬ್ಯಾರೆವಕ್ಕೂ ಹಾಕಿಸೇನಿ ದಾವಲಬಿ. ಎಲ್ಲಾಕ್ಕೂ." ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು. ನನ್ನ ಮಟ್ಟದಿಂದ ನೋಡಿದರೆ, ಅವನ ಕಾಲುಗಳು ಒಂದು ಹೆಜ್ಜೆ ಹಿಂದೆ ಸರಿದವು.

"ಗ್ರೈಂಡರ್ ತಂದು ಕೊಯ್ಯಬೇಕು ಮೇಡಂ," ಎಂದಳು ದಾವಲಬಿ. "ಇವತ್ತ ಒಂದು ದಿನ ಕೊಡ್ರಿ. ನಾಳಿ ಮುಂಜಾನೆ ತೋರಸ್ತೀನಿ."

"ನೋಡಿ, ಇದಕ್ಕೇ ನಾವು ಡಬ್ಬ ತರಿಸ್ತಿರೋದು," ಎಂದಳು ಮೇಡಂ. ಒರಟಾಗಿಯೇನೂ ಹೇಳಲಿಲ್ಲ. "ನಿಮ್ಮ ತಪ್ಪು ಅಂತ ಅಲ್ಲ. ಬಿಚ್ಚೋ ಹಾಗೆ ಮಾಡಿದ್ರೆ ಯಾರಾದ್ರೂ ಬಂದು ಏನಾದ್ರೂ ಮಾಡ್ತಾರೆ. ಸಂಜೆ ನಂಗೆ ಫ್ಲೈಟ್ ಇದೆ."

ನಾನು ಆಗ ಒಂದೇ ಒಂದು ಸಲ ಗಡಗಡ ಎನ್ನಲು ಸಾಧ್ಯವಾಗಿದ್ದರೆ ಅನ್ನುತ್ತಿದ್ದೆ. ಆಗಲಿಲ್ಲ. ನನ್ನ ಬಾಯಿಯನ್ನೂ ಮುಚ್ಚಿ ಚುಕ್ಕಿ ಇಟ್ಟಿದ್ದರು.

ಈಗ ನಾನಿರುವುದು ಗಬ್ಬೂರಿನ ಕಡೆಯ ಒಂದು ಗುಜರಿಯಲ್ಲಿ, ಬಣ್ಣ ಎದ್ದು, ಚುಕ್ಕಿಗಳ ಸುತ್ತ ತುಕ್ಕು ಹಿಡಿದು. ನನ್ನ ಎದುರಿಗೆ ನೀಲಿ ಡಬ್ಬಗಳ ರಾಶಿ ಬೆಳೆಯುತ್ತಿದೆ. ವರ್ಷವೂ ಆಗಿಲ್ಲ. ಒಂದೊಂದಕ್ಕೂ ಒಂದೊಂದೇ ಗಾಲಿ ಹೋಗಿದೆ, ಉಳಿದ ಮೂರು ಹೊಸದರಂತೆ ತಿರುಗುತ್ತವೆ. ಮಳೆನೀರು ನಿಂತು ಅವುಗಳೊಳಗೆ ಸೊಳ್ಳೆ ಮರಿ ಮಾಡಿವೆ. ಕೊನೆಗೂ ಅವುಗಳಿಂದ ಒಂದು ಉಪಯೋಗವಾಯಿತು. ನಕ್ಕು ಹಗುರಾಗೋಣವೆಂದರೆ ನನಗೂ ಅವಕ್ಕೂ ಈಗ ಏನು ವ್ಯತ್ಯಾಸ? ಗುಜರಿಯವನು ಇಬ್ಬರನ್ನೂ ಒಂದೇ ಕಾಲಿನಿಂದ ಒದೆಯುತ್ತಾನೆ. ಜಿನ್ನಪ್ಪ ನನಗೆ ಕೊಟ್ಟಿದ್ದು ಮುರಿಯುವ ಹಕ್ಕನ್ನು. ಅದನ್ನು ನಾನು ಒಂದು ಹೂಮಾಲೆಗೆ ಬಿಟ್ಟುಕೊಟ್ಟೆ.

ಇಲ್ಲಿಗೆ ಬರುವ ಮುಂಚಿನ ಒಂದು ದಿನದ ಮಾತು ಹೇಳುವುದು ಉಳಿದಿದೆ. ಅದು ದಾವಲಬಿಯ ಕೊನೆಯ ದಿನ.

ಪಾಸನ್ನು ಕೊರಳಿಂದ ತೆಗೆದು ಅಂಗಡಿಯ ಮೇಜಿನ ಮೇಲಿಟ್ಟಳು, ಅಕ್ಷರ ಕೆಳಮುಖವಾಗಿ. ಪಾನಾ ಯಾರೂ ಕೇಳಲಿಲ್ಲ. ಅದು ಅವಳ ಸೊಂಟದಲ್ಲೇ ಇತ್ತು. ಅಂಗಡಿ ರಾತ್ರಿಗಳಲ್ಲಿ ನಿದ್ದೆಗೆಟ್ಟವನಂತೆ ಕಾಣುತ್ತಿದ್ದ. ಅವಳನ್ನು ಕರೆದುಕೊಂಡು ಹೊರಗೆ, ನಾನು ನಿಂತಿದ್ದಲ್ಲಿಗೆ ಬಂದ. ನನ್ನನ್ನು ತೊಳೆಸಿ, ಹೊಸ ಮಾಲೆ ಹಾಕಿಸಿದ್ದ. ಯಮನೂರಪ್ಪನೂ ನಾಲ್ಕಾರು ಹಮಾಲರೂ ಗೋಡೆಗೆ ಒರಗಿ ನಿಂತಿದ್ದರು.

"ದಾವಲಬಿ, ಹದಿನೇಳನೇದ್ದು ನಿನ್ನ ಕೈಯಾಗ ಬೆಳದದ್ದು. ಇದನ್ನ ನಿಮ್ಮ ಮನಿಗೆ ಒಯ್ಯಿ. ಹೆಡ್ ಆಫೀಸಿಗೆ ನಾ ಹೇಳ್ತೀನಿ. ಟೆಂಪೋನೂ ಕರಸೇನಿ."

ನನಗೆ ಅನುಮಾನವೇ ಇರಲಿಲ್ಲ. ಅವಳ ಮನೆಯ ಓಣಿ ಹೇಗಿರಬಹುದು, ಯಾವ ಮೂಲೆಯಲ್ಲಿ ನನ್ನನ್ನು ನಿಲ್ಲಿಸಬಹುದು, ನನ್ನೊಳಗೆ ಹಾಸಿಗೆ ಸುತ್ತಿಡುತ್ತಾಳೋ ಪಾತ್ರೆ ಇಡುತ್ತಾಳೋ ಎಂದು ಎಣಿಸಿಕೊಂಡು, ಆ ಓಣಿಯನ್ನೂ ಆ ಪಾತ್ರೆಗಳನ್ನೂ ಆಗಲೇ ಸ್ವಲ್ಪ ಕೀಳಾಗಿ ಕಾಣಲು ಶುರುಮಾಡಿದ್ದೆ.

ಅವಳು ಬಗ್ಗಿದಳು. ಮಾಲೆಯನ್ನು ಪಕ್ಕಕ್ಕೆ ಸರಿಸಿ, ಎಡಗಾಲಿಯ ಮೇಲಿನ ನಟ್ಟಿಗೆ ಹೆಬ್ಬೆರಳು ಒತ್ತಿದಳು. ಪಾನಾ ತೆಗೆಯಲಿಲ್ಲ. ನೆಟ್ಟಗಾದಳು.

"ಬ್ಯಾಡ್ರೀ ಸಾಹೇಬ್ರ."

"ಪುಕ್ಕಟ ಕೊಡಾಕತ್ತೀನಿ ಬೇ. ನನ್ನ ಸಮಾಧಾನಕ್ಕರ ತಗೋ."

"ಬ್ಯಾಡ. ಬಿಚ್ಚಾಕ ಬರಲಾರದ್ದನ್ನ ತಗೊಂಡು ನಾ ಏನ್ ಮಾಡ್ಲಿ."